ಗ್ಯಾಜಿಯಾ ಕ್ಲಾಸಿಕ್: ಕೈಯ ಕೆಲಸವನ್ನು ಕೈಗೇ ಬಿಡುವ ಎಸ್ಪ್ರೆಸೊ ಯಂತ್ರ

ಗ್ಯಾಜಿಯಾ ಕ್ಲಾಸಿಕ್ ಎಸ್ಪ್ರೆಸೊ ಯಂತ್ರದ ಮುಂಭಾಗದಲ್ಲಿ ಇರುವುದು ಮೂರೇ ಸ್ವಿಚ್ಚುಗಳು: ಒಂದು ವಿದ್ಯುತ್ತಿಗೆ, ಒಂದು ಕಾಫಿ ಇಳಿಸುವುದಕ್ಕೆ, ಮತ್ತೊಂದು ಹಬೆಗೆ. ಉಷ್ಣತೆಯನ್ನು ತೋರಿಸುವ ಪರದೆಯಾಗಲಿ, ಒತ್ತಡವನ್ನು ತಿಳಿಸುವ ಮುಳ್ಳಾಗಲಿ, ಇಂತಿಷ್ಟು ಕಾಫಿ ಇಳಿದ ಮೇಲೆ ತಾನಾಗಿ ನಿಲ್ಲುವ ವ್ಯವಸ್ಥೆಯಾಗಲಿ ಇದರಲ್ಲಿಲ್ಲ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿ ಹಲವು ಪರಿಷ್ಕರಣೆಗಳನ್ನು ಕಂಡಿದ್ದರೂ ತನ್ನ ಮೂಲ ಸ್ವರೂಪವನ್ನು ಬಿಟ್ಟುಕೊಟ್ಟಿಲ್ಲ. ಇದನ್ನು ದಿನವೂ ಬಳಸುತ್ತಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಳ್ಳೆಯ ಎಸ್ಪ್ರೆಸೊ ಇಳಿಸಲು ಯಂತ್ರದಿಂದ ಏನೇನು ಬೇಕೋ ಅದರಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಇದು ಸಮರ್ಥವಾಗಿ ಒದಗಿಸುತ್ತದೆ. ಬಿಟ್ಟುಹೋದ ಆ ಒಂದು ಅಂಶವೆಂದರೆ ಉಷ್ಣತೆಯ ಸ್ಥಿರತೆ, ಮತ್ತು ಅದನ್ನು ಬಳಸುವವರೇ ತಮ್ಮ ಗಮನದಿಂದ ತುಂಬಿಕೊಳ್ಳಬೇಕು. ಆ ಗಮನವನ್ನು ಸಂತೋಷದಿಂದ ಕೊಡಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಆರಂಭದ ಯಂತ್ರವನ್ನು ನಾನು ಸೂಚಿಸಲಾರೆ. ಗುಂಡಿ ಒತ್ತಿ ಬಟ್ಟಲು ತುಂಬಿಸಿಕೊಂಡು ಹೊರಡಬೇಕೆನ್ನುವವರು ಇದನ್ನು ಕೊಳ್ಳದಿರುವುದೇ ಒಳ್ಳೆಯದು.

ಈ ಯಂತ್ರ ಹೊತ್ತಿರುವ ಹೆಸರಿಗೂ ಇಂದು ನಾವು ಎಸ್ಪ್ರೆಸೊ ಎಂದು ಗುರುತಿಸುವ ಪಾನೀಯಕ್ಕೂ ಹತ್ತಿರದ ನಂಟಿದೆ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರದಲ್ಲಿ ನೀರನ್ನು ಪುಡಿಯೊಳಗೆ ತಳ್ಳುತ್ತಿದ್ದುದು ಬಾಯ್ಲರಿನ ಹಬೆ. ಹಬೆಯಿಂದ ಸಿಗುತ್ತಿದ್ದ ಒತ್ತಡ ಸುಮಾರು ಒಂದೂವರೆ ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಅದನ್ನು ಹೆಚ್ಚಿಸಹೋದರೆ ನೀರಿನ ಬಿಸಿಯೂ ಜೊತೆಗೇ ಏರಿ ಕಾಫಿಗೆ ಸೀದ ರುಚಿ ಬರುತ್ತಿತ್ತು. ಅಕಿಲ್ಲೆ ಗ್ಯಾಜಿಯಾ 1938ರಲ್ಲಿ ಪೇಟೆಂಟ್ ಕೋರಿದ ವಿಧಾನದಲ್ಲಿ, ಮತ್ತು ಯುದ್ಧ ಮುಗಿದ ಮೇಲೆ 1948ರ ಹೊತ್ತಿಗೆ ಅವರು ಹೊರತಂದ ಸ್ಪ್ರಿಂಗ್ ಲಿವರ್ ಯಂತ್ರಗಳಲ್ಲಿ, ಒತ್ತಡವನ್ನು ಹಬೆಯಿಂದ ಬೇರ್ಪಡಿಸಿ ಪಿಸ್ಟನ್ನಿಗೆ ವಹಿಸಲಾಯಿತು. ಆಗ ನೀರು ಕುದಿಯುವ ಮಟ್ಟಕ್ಕೆ ಏರದೆಯೇ ಎಂಟೊಂಬತ್ತು ಬಾರ್ ಒತ್ತಡದಲ್ಲಿ ಪುಡಿಯನ್ನು ದಾಟತೊಡಗಿತು, ಬಟ್ಟಲಿನ ಮೇಲೆ ಹೊಂಬಣ್ಣದ ದಟ್ಟ ನೊರೆ, ಅಂದರೆ ಕ್ರೆಮಾ, ಕಾಣಿಸಿಕೊಂಡಿತು. ಇಟಲಿಯಲ್ಲಿ ಪ್ರಮಾಣವೆಂದು ಒಪ್ಪಿಕೊಂಡಿರುವ ಅಳತೆಗಳು ಇಂದಿಗೂ ಅದೇ ಜಾಡಿನವು: 7 ಗ್ರಾಂ ಪುಡಿ, 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು, 9 ಬಾರ್ ಒತ್ತಡ, ಸುಮಾರು 25 ಸೆಕೆಂಡಿನಲ್ಲಿ 25 ಮಿಲಿಲೀಟರ್ ಕಾಫಿ. ಈಚಿನ ದಿನಗಳಲ್ಲಿ ಮನೆಯಲ್ಲಿ ಕಾಫಿ ಇಳಿಸುವವರು ಹೆಚ್ಚಾಗಿ ಬಳಸುವ ಅಳತೆ 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ. ನೀರಿನ ಬಿಸಿಯನ್ನು ಅವರು 90ರಿಂದ 95 ಡಿಗ್ರಿಯ ನಡುವೆ ಬಯಸುತ್ತಾರೆ. ಯಾವ ಯಂತ್ರವನ್ನಾದರೂ ತೂಗಿನೋಡಬೇಕಾದದ್ದು ಈ ಒತ್ತಡವನ್ನೂ ಈ ಬಿಸಿಯನ್ನೂ ಅದು ಎಷ್ಟು ನೆಚ್ಚಿಕೆಯಿಂದ ಕೊಡುತ್ತದೆ ಎಂಬುದರಿಂದ.

ಕ್ಲಾಸಿಕ್ ಮೊದಲ ನೋಟಕ್ಕೇ ವಿಶ್ವಾಸ ಹುಟ್ಟಿಸುವುದು ತನ್ನ ಗ್ರೂಪ್ ಮತ್ತು ಪೋರ್ಟಾಫಿಲ್ಟರ್‌ಗಳಿಂದ. ಗ್ರೂಪ್ ಎಂದರೆ ಬಿಸಿನೀರು ಹೊರಬರುವ ಭಾಗ, ಪೋರ್ಟಾಫಿಲ್ಟರ್ ಎಂದರೆ ಪುಡಿ ತುಂಬಿ ಅದಕ್ಕೆ ಸಿಕ್ಕಿಸುವ ಹಿಡಿಯುಳ್ಳ ಭಾಗ. ಕ್ರೋಮ್ ಲೇಪಿಸಿದ ಹಿತ್ತಾಳೆಯ ಗ್ರೂಪ್ ಕೈಗೆ ತೂಕವಾಗಿ ಸಿಗುತ್ತದೆ, ಒಮ್ಮೆ ಕಾದ ಮೇಲೆ ಬಿಸಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಪೋರ್ಟಾಫಿಲ್ಟರಿನ ಅಳತೆ 58 ಮಿಲಿಮೀಟರ್, ಅಂದರೆ ಕಾಫಿ ಅಂಗಡಿಗಳ ಬಹುಪಾಲು ದೊಡ್ಡ ಯಂತ್ರಗಳಲ್ಲಿರುವ ಅಳತೆಯೇ. ಇದರಿಂದಾಗುವ ಲಾಭ ಸಣ್ಣದಲ್ಲ: ಬಾಸ್ಕೆಟ್ (ಪುಡಿ ಹಿಡಿಯುವ, ತಳದಲ್ಲಿ ತೂತುಗಳಿರುವ ಲೋಹದ ಪಾತ್ರೆ), ಟ್ಯಾಂಪರ್ (ಪುಡಿಯನ್ನು ಒತ್ತಿ ಗಟ್ಟಿಮಾಡುವ ಸಾಧನ), ತಳವಿಲ್ಲದ ಪೋರ್ಟಾಫಿಲ್ಟರ್ ಮುಂತಾದ ಯಾವ ಉಪಕರಣವನ್ನಾದರೂ ಬೇರೆ ಬೇರೆ ತಯಾರಕರಿಂದ ಆರಿಸಿ ತರಬಹುದು, ಮುಂದೊಂದು ದಿನ ಯಂತ್ರ ಬದಲಾದರೂ ಅವುಗಳಲ್ಲಿ ಹೆಚ್ಚಿನವು ಹೊಸದಕ್ಕೆ ಹೊಂದಿಕೊಳ್ಳುತ್ತವೆ.

ಇದರ ಇನ್ನೊಂದು ಹೆಚ್ಚುಗಾರಿಕೆ ಮೂರು ದಾರಿಯ ಸೊಲೆನಾಯ್ಡ್ ಕವಾಟ, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ. ಕಾಫಿ ಇಳಿಯುವುದನ್ನು ನಿಲ್ಲಿಸಿದ ಕ್ಷಣದಲ್ಲಿ ಬಾಸ್ಕೆಟ್ಟಿನ ಮೇಲೆ ಉಳಿದ ಒತ್ತಡವನ್ನು ಈ ಕವಾಟ ಬೇರೊಂದು ಕೊಳವೆಯ ಮೂಲಕ ಹನಿತಟ್ಟೆಗೆ ಬಿಟ್ಟುಬಿಡುತ್ತದೆ. ಹಾಗಾಗಿ ಕಾಫಿ ಥಟ್ಟನೆ ನಿಲ್ಲುತ್ತದೆ, ಪುಡಿಯ ಮೇಲಿನ ನೀರು ಬಸಿದುಹೋಗಿ ಬಳಸಿದ ಪುಡಿಯ ಬಿಲ್ಲೆ ಗಟ್ಟಿಯಾಗಿ ಉದುರುತ್ತದೆ, ಪೋರ್ಟಾಫಿಲ್ಟರನ್ನು ತಕ್ಷಣ ತೆಗೆದರೂ ಬಿಸಿ ಪುಡಿ ಸಿಡಿಯುವ ಭಯವಿರುವುದಿಲ್ಲ. 2015ರ ಪರಿಷ್ಕರಣೆಯಲ್ಲಿ ಈ ಕವಾಟವನ್ನು ಕೈಬಿಟ್ಟು ಸರಳವಾದ ಬೇರೆ ವ್ಯವಸ್ಥೆಯನ್ನು ಅಳವಡಿಸಿದಾಗ ಬಳಕೆದಾರರಿಂದ ಅಸಮಾಧಾನ ವ್ಯಕ್ತವಾಯಿತು. ಮುಂದಿನ ಪರಿಷ್ಕರಣೆಯಲ್ಲಿ, ಅಂದರೆ 2019ರ ಹೊತ್ತಿಗೆ ಕ್ಲಾಸಿಕ್ ಪ್ರೊ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದ ಮಾದರಿಯಲ್ಲಿ, ಅದು ಮರಳಿ ಬಂದಿತು. ಈ ಕವಾಟವಿಲ್ಲದ ಯಂತ್ರವನ್ನು ಕ್ಲಾಸಿಕ್ ಎಂಬ ಹೆಸರಿಗೆ ಮರುಳಾಗಿ ಕೊಳ್ಳಬಾರದೆಂಬುದು ನನ್ನ ಸಲಹೆ.

ಒತ್ತಡದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಪೆಟ್ಟಿಗೆಯ ಮೇಲೆ ಎದ್ದು ಕಾಣುವ 15 ಬಾರ್ ಎಂಬುದು ಪಂಪಿನ ಗರಿಷ್ಠ ಸಾಮರ್ಥ್ಯವೇ ಹೊರತು ಪುಡಿಗೆ ಬೇಕಾದ ಒತ್ತಡವಲ್ಲ. ಹೆಚ್ಚಿನ ಒತ್ತಡವನ್ನು ಹಿಂದಕ್ಕೆ ಬಿಡುವ ಕವಾಟವೊಂದು ಯಂತ್ರದೊಳಗಿದ್ದು, ಅದರ ಸ್ಪ್ರಿಂಗ್ ಎಷ್ಟು ಬಿಗಿಯಾಗಿದೆಯೋ ಅದರ ಮೇಲೆ ಪುಡಿಗೆ ತಾಗುವ ಒತ್ತಡ ನಿಲ್ಲುತ್ತದೆ. ಹಿಂದಿನ ಆವೃತ್ತಿಗಳು 9 ಬಾರ್‌ಗಿಂತ ಸಾಕಷ್ಟು ಮೇಲಿನ ಹೊಂದಾಣಿಕೆಯೊಂದಿಗೆ ಬರುತ್ತಿದ್ದುದರಿಂದ ಸ್ಪ್ರಿಂಗ್ ಬದಲಿಸುವುದು ಬಳಕೆದಾರರ ನಡುವೆ ಬಹುಮಟ್ಟಿಗೆ ವಾಡಿಕೆಯೇ ಆಗಿತ್ತು. ಎವೊ ಪ್ರೊ ಎಂಬ ಈಚಿನ ಆವೃತ್ತಿಯಲ್ಲಿ 9 ಬಾರ್ ಹೊಂದಾಣಿಕೆ ತಯಾರಿಕೆಯ ಹಂತದಲ್ಲೇ ಬಂದಿದೆ. ಒತ್ತಡ ಅತಿಯಾದರೆ ನೀರು ಪುಡಿಯ ದುರ್ಬಲ ಜಾಗವನ್ನು ಸೀಳಿಕೊಂಡು ಹೋಗುತ್ತದೆ, ರುಚಿ ಒರಟಾಗುತ್ತದೆ. 9 ಬಾರ್‌ಗೆ ಇಳಿಸಿದ ಯಂತ್ರದಲ್ಲಿ ಸಣ್ಣಪುಟ್ಟ ಏರುಪೇರುಗಳು ಬಟ್ಟಲಿನಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ.

ಇನ್ನು ಉಷ್ಣತೆಯ ಮಾತು. ಈ ಯಂತ್ರವನ್ನು ಮೆಚ್ಚುವುದೂ ಬಿಡುವುದೂ ಇದನ್ನೇ ಅವಲಂಬಿಸಿದೆ. ಬಹುಪಾಲು ಆವೃತ್ತಿಗಳ ಬಾಯ್ಲರ್ ಅಲ್ಯೂಮಿನಿಯಮ್ಮಿನದು, ಅದರಲ್ಲಿ ಹಿಡಿಸುವ ನೀರು ಸುಮಾರು 100 ಮಿಲಿಲೀಟರ್ ಮಾತ್ರ. ಬಾಯ್ಲರಿನ ಹೊರಮೈಗೆ ಕೂರಿಸಿದ ಸಾದಾ ಥರ್ಮೋಸ್ಟಾಟ್‌ಗಳು ಬಿಸಿಯನ್ನು ನಿಯಂತ್ರಿಸುತ್ತವೆ: ಕಾಫಿಯದು 107 ಡಿಗ್ರಿಯಲ್ಲಿ, ಹಬೆಯದು 145 ಡಿಗ್ರಿಯಲ್ಲಿ ವಿದ್ಯುತ್ತನ್ನು ಕಡಿಯುತ್ತದೆ. 107 ಎಂಬ ಅಂಕಿಯನ್ನು ಕಂಡು ಗಾಬರಿಯಾಗಬೇಕಿಲ್ಲ, ಏಕೆಂದರೆ ಅದು ಲೋಹದ ಬಿಸಿ; ನೀರು ಗ್ರೂಪನ್ನು ಹಾದು ಪುಡಿಯನ್ನು ಮುಟ್ಟುವಾಗ ಸಾಕಷ್ಟು ಆರಿರುತ್ತದೆ. ತೊಡಕಿರುವುದು ಈ ಥರ್ಮೋಸ್ಟಾಟಿನ ನಿಧಾನದಲ್ಲಿ. ಅದು ವಿದ್ಯುತ್ತನ್ನು ಕಡಿದ ಮೇಲೂ ಲೋಹದಲ್ಲಿ ತುಂಬಿದ ಬಿಸಿ ನೀರಿಗೆ ಇಳಿಯುತ್ತಲೇ ಇರುತ್ತದೆ. ಮತ್ತೆ ವಿದ್ಯುತ್ ಹರಿಸುವ ಹೊತ್ತಿಗೆ ನೀರು ಬೇಕಾದುದಕ್ಕಿಂತ ಹಲವು ಡಿಗ್ರಿ ಕೆಳಗಿಳಿದಿರುತ್ತದೆ. ಈ ಏರಿಳಿತದ ಯಾವ ಘಟ್ಟದಲ್ಲಿ ನಾವು ಸ್ವಿಚ್ ಒತ್ತುತ್ತೇವೆಯೋ ಆ ಘಟ್ಟದ ರುಚಿ ಬಟ್ಟಲಿಗೆ ಬರುತ್ತದೆ. ಅದೇ ಬೀಜ, ಅದೇ ಪುಡಿ, ಅದೇ ತೂಕ ಇದ್ದರೂ ಬೆಳಗಿನ ಮೊದಲ ಬಟ್ಟಲು ಹುಳಿಯಾಗಿ, ಎರಡನೆಯದು ಕಹಿಯಾಗಿ ಬರಬಹುದು. ಇಷ್ಟು ಸಾಲದೆಂಬಂತೆ, ಕಾಫಿ ಇಳಿಯುತ್ತಿರುವಾಗಲೇ ತೊಟ್ಟಿಯ ತಣ್ಣೀರು ಬಾಯ್ಲರಿಗೆ ನುಗ್ಗುತ್ತದೆ. ನೂರು ಮಿಲಿಲೀಟರ್ ಹಿಡಿಸುವ ಪಾತ್ರೆಯಿಂದ ಅದರ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನೀರು ಹೊರಹೋಗಿ ಅಷ್ಟೇ ತಣ್ಣೀರು ಒಳಬಂದರೆ ಕೊನೆಯ ಹನಿಗಳು ತಂಪಾಗದೆ ವಿಧಿಯಿಲ್ಲ.

ಇದಕ್ಕೆ ಬಳಕೆದಾರರು ಕಂಡುಕೊಂಡ ಪರಿಹಾರ ಸರಳವಾಗಿದೆ ಮತ್ತು ನಿಜಕ್ಕೂ ಫಲ ಕೊಡುತ್ತದೆ. ಮೊದಲನೆಯದಾಗಿ, ಯಂತ್ರದ ದೀಪ ಕೆಲವೇ ನಿಮಿಷಗಳಲ್ಲಿ ಹೊತ್ತಿಕೊಂಡರೂ ಅದು ಬಾಯ್ಲರಿನ ಸಿದ್ಧತೆಯನ್ನು ಮಾತ್ರ ಸೂಚಿಸುತ್ತದೆ. ಪೋರ್ಟಾಫಿಲ್ಟರನ್ನು ಗ್ರೂಪಿಗೆ ಸಿಕ್ಕಿಸಿಟ್ಟು ಹದಿನೈದು, ಇಪ್ಪತ್ತು ನಿಮಿಷ ಬಿಟ್ಟರಷ್ಟೇ ಹಿತ್ತಾಳೆಯೂ ಪೂರ್ತಿ ಕಾಯುತ್ತದೆ. ಎರಡನೆಯದಾಗಿ, ಪುಡಿಯನ್ನು ಸಿದ್ಧಪಡಿಸಿಟ್ಟುಕೊಂಡು, ಗ್ರೂಪಿನಿಂದ ಬರಿ ನೀರನ್ನು ಬಟ್ಟಲಿಗೆ ಬಿಡಬೇಕು. ಬಿಸಿ ಇಳಿದಂತೆ ದೀಪ ಆರುತ್ತದೆ, ಅಂದರೆ ಬಾಯ್ಲರ್ ಮತ್ತೆ ಕಾಯಲು ತೊಡಗಿದೆ ಎಂದು ಅರ್ಥ. ಆಗ ನೀರು ನಿಲ್ಲಿಸಿ, ಪೋರ್ಟಾಫಿಲ್ಟರನ್ನು ಸಿಕ್ಕಿಸಿ, ದೀಪ ಪುನಃ ಹೊತ್ತಿಕೊಳ್ಳುವುದನ್ನು ಕಾಯಬೇಕು. ಹೊತ್ತಿಕೊಂಡ ಮೇಲೆ ಇಂತಿಷ್ಟು ಸೆಕೆಂಡ್ ಎಂದು ಗೊತ್ತುಮಾಡಿಕೊಂಡು ಆ ಕ್ಷಣಕ್ಕೇ ಕಾಫಿಯ ಸ್ವಿಚ್ ಒತ್ತಬೇಕು. ಎಷ್ಟು ಸೆಕೆಂಡ್ ಎಂಬುದು ಬೀಜದ ಹುರಿಯನ್ನು ಅನುಸರಿಸಿ ಬದಲಾಗುತ್ತದೆ: ತಿಳಿಯಾಗಿ ಹುರಿದ ಬೀಜಕ್ಕೆ ಹೆಚ್ಚು ಬಿಸಿ ಬೇಕು, ಕಪ್ಪಗೆ ಹುರಿದದ್ದಕ್ಕೆ ಕಡಿಮೆ ಸಾಕು. ಮುಖ್ಯವಾದದ್ದು ಪ್ರತಿ ಸಲವೂ ಅದೇ ಕ್ರಮವನ್ನು ಪಾಲಿಸುವುದು. ಕ್ರಮ ಒಂದೇ ಆಗಿದ್ದರೆ ಉಷ್ಣತೆ ಎಷ್ಟೆಂದು ತಿಳಿಯದಿದ್ದರೂ ಅದು ನಿನ್ನೆಯಷ್ಟೇ ಇವತ್ತೂ ಇದೆ ಎಂಬ ಭರವಸೆಯಿಂದ ಉಳಿದದ್ದನ್ನು ಸರಿಪಡಿಸಬಹುದು.

ಈ ಕ್ರಮ ಬೇಡವೆನ್ನುವವರಿಗೆ ಪಿಐಡಿ ಎಂಬ ಎಲೆಕ್ಟ್ರಾನಿಕ್ ನಿಯಂತ್ರಕವನ್ನು ಅಳವಡಿಸಿಕೊಳ್ಳುವ ದಾರಿಯಿದೆ. ಅದು ಬಾಯ್ಲರಿನ ಬಿಸಿಯನ್ನು ಸತತವಾಗಿ ಅಳೆದು, ಗುರಿ ಹತ್ತಿರವಾದಂತೆ ವಿದ್ಯುತ್ತನ್ನು ತುಣುಕು ತುಣುಕಾಗಿ ಹರಿಸಿ, ಏರಿಳಿತವನ್ನು ಒಂದೆರಡು ಡಿಗ್ರಿಯೊಳಗೆ ತರುತ್ತದೆ. ಇನ್ನೂ ಮುಂದಕ್ಕೆ ಹೋದವರು ಗ್ಯಾಜಿಯುಯಿನೊ ಎಂಬ ಹವ್ಯಾಸಿಗಳ ಯೋಜನೆಯ ನೆರವಿನಿಂದ ಒತ್ತಡವನ್ನೂ ಹರಿವನ್ನೂ ಗಣಕದ ಹಿಡಿತಕ್ಕೆ ತಂದಿದ್ದಾರೆ. ಕೊಂಡ ಕೂಡಲೇ ಇವುಗಳಿಗೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ. ಬಿಸಿ ಬದಲಾದರೆ ರುಚಿ ಹೇಗೆ ಬದಲಾಗುತ್ತದೆಂದು ನಾಲಿಗೆಗೆ ತಿಳಿದ ಮೇಲೆ ಅಂಕಿಗಳಿಗೆ ಬೆಲೆ ಬರುತ್ತದೆ. ಬಿಚ್ಚಿದ ಯಂತ್ರದೊಳಗೆ ಮನೆಯ ಪೂರ್ಣ ವಿದ್ಯುತ್ತು ಹರಿಯುತ್ತಿರುತ್ತದೆ ಎಂಬುದನ್ನೂ ಮರೆಯಬಾರದು.

ಯಂತ್ರದ ವಿಮರ್ಶೆಯಲ್ಲಿ ಕಾಫಿ ಬೀಜ ಬೀಸುವ ಗ್ರೈಂಡರಿಗೆ ಇಷ್ಟು ಜಾಗವೇಕೆಂದು ಕೆಲವರಿಗೆ ಅನ್ನಿಸಬಹುದು, ಆದರೆ ಈ ಯಂತ್ರವನ್ನು ಗ್ರೈಂಡರಿನಿಂದ ಬೇರ್ಪಡಿಸಿ ಬೆಲೆಕಟ್ಟುವುದು ಸಾಧ್ಯವೇ ಇಲ್ಲ. ಎಸ್ಪ್ರೆಸೊದಲ್ಲಿ ನೀರನ್ನು ತಡೆದು ನಿಲ್ಲಿಸುವುದು ಪುಡಿಯೊಂದೇ. ಪುಡಿ ತುಸು ತರಿಯಾದರೆ ನೀರು ಹತ್ತೇ ಸೆಕೆಂಡಿನಲ್ಲಿ ಹಾದುಹೋಗಿ ತೆಳ್ಳನೆಯ ಹುಳಿ ದ್ರವ ಇಳಿಯುತ್ತದೆ. ತುಸು ಹೆಚ್ಚು ನುಣ್ಣಗಾದರೆ ಹನಿಯೂ ಬೀಳದೆ ಪಂಪ್ ಏದುಸಿರು ಬಿಡುತ್ತದೆ. ನಾನು ಮೊದಲು ಬಳಸುತ್ತಿದ್ದ ಒಂದು ಗ್ರೈಂಡರಿನಲ್ಲಿ, ಪುಡಿಯ ನುಣುಪನ್ನು ಹೊಂದಿಸುವ ಒಂದು ಮೆಟ್ಟಿಲಿಗೆ ಕಾಫಿ ತೀರ ಬೇಗ ಇಳಿದರೆ, ಪಕ್ಕದ ಮೆಟ್ಟಿಲಿಗೆ ಅದರ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು, ಬೇಕಾದ ಹದ ಆ ಎರಡರ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತಿತ್ತು. ಮೆಟ್ಟಿಲುಗಳಿಲ್ಲದೆ ಸರಾಗವಾಗಿ ತಿರುಗುವ, ಅಥವಾ ಬಹಳ ಹತ್ತಿರ ಹತ್ತಿರದ ಮೆಟ್ಟಿಲುಗಳಿರುವ ಗ್ರೈಂಡರ್ ಬಂದ ಮೇಲೆ ಅದೇ ಯಂತ್ರ ಬೇರೆಯದೇ ಕಾಫಿ ಕೊಡತೊಡಗುತ್ತದೆ. ಬ್ಲೇಡ್ ತಿರುಗಿಸಿ ಬೀಜವನ್ನು ಚಚ್ಚುವ ಯಂತ್ರಗಳು ಈ ಕೆಲಸಕ್ಕೆ ಬರುವುದೇ ಇಲ್ಲ, ಏಕೆಂದರೆ ಅವು ಧೂಳನ್ನೂ ತರಿಯನ್ನೂ ಒಟ್ಟಿಗೇ ಕೊಡುತ್ತವೆ. ಎರಡು ಹಲ್ಲುಚಕ್ರಗಳ ನಡುವೆ ಬೀಜವನ್ನು ಬೀಸುವ ಬರ್ ಗ್ರೈಂಡರ್ ಬೇಕೇ ಬೇಕು. ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್ ಕೂಡ ಒಬ್ಬಿಬ್ಬರ ಮನೆಗೆ ಧಾರಾಳವಾಗಿ ಸಾಕು. ಕೈಯಲ್ಲಿರುವ ಹಣವನ್ನು ಹಂಚಿಕೊಳ್ಳಬೇಕಾಗಿ ಬಂದರೆ ಗ್ರೈಂಡರಿನ ಪಾಲನ್ನು ಕಡಿತಮಾಡದೆ, ಯಂತ್ರವನ್ನು ಹಳೆಯದಾಗಿ ಕೊಳ್ಳುವುದು ಲೇಸು.

ಯಂತ್ರದೊಂದಿಗೆ ಬರುವ ಉಪಕರಣಗಳ ವಿಷಯದಲ್ಲಿ ತಯಾರಕರು ಜಿಪುಣತನ ತೋರಿದ್ದಾರೆ. ಪ್ಲಾಸ್ಟಿಕ್ಕಿನ ಟ್ಯಾಂಪರ್ ಬಾಸ್ಕೆಟ್ಟಿನ ಅಂಚನ್ನು ಸರಿಯಾಗಿ ಮುಟ್ಟುವುದಿಲ್ಲ. 58 ಮಿಲಿಮೀಟರಿನ ಲೋಹದ ಟ್ಯಾಂಪರ್ ಒಂದನ್ನು ಮೊದಲ ದಿನವೇ ತರಿಸಿಕೊಳ್ಳಬೇಕು. ಒತ್ತಡವನ್ನು ಕೃತಕವಾಗಿ ಉಂಟುಮಾಡುವ ಇಮ್ಮಡಿ ಗೋಡೆಯ ಬಾಸ್ಕೆಟ್ ಕೂಡ ಜೊತೆಗಿರುತ್ತದೆ. ಅದರ ತಳದ ಒಂದೇ ಸೂಕ್ಷ್ಮ ರಂಧ್ರ ನೊರೆಯನ್ನು ಎಬ್ಬಿಸಿ ಕಣ್ಣಿಗೆ ಸುಖ ಕೊಡುತ್ತದೆಯೇ ವಿನಾ ರುಚಿಯನ್ನಲ್ಲ. ಗ್ರಾಂನ ಹತ್ತನೆಯ ಒಂದು ಭಾಗವನ್ನು ತೋರಿಸುವ ತೂಕದ ಯಂತ್ರ, ಪುಡಿಯ ಗಂಟುಗಳನ್ನು ಬಿಡಿಸಲು ತೆಳು ಸೂಜಿಗಳ ಒಂದು ಕಡ್ಡಿ, ಇವಿಷ್ಟಿದ್ದರೆ ಉಳಿದ ಅಲಂಕಾರಗಳು ಬೇಕಿಲ್ಲ.

ಎಲ್ಲವೂ ಹೊಂದಿ ಬಂದ ಬಟ್ಟಲು ಹೇಗೆ ಇಳಿಯುತ್ತದೆಂಬುದನ್ನು ತಳವಿಲ್ಲದ ಪೋರ್ಟಾಫಿಲ್ಟರ್ ಹಾಕಿ ನೋಡಬೇಕು. ಸ್ವಿಚ್ ಒತ್ತಿದ ಐದಾರು ಸೆಕೆಂಡ್ ಏನೂ ಕಾಣಿಸುವುದಿಲ್ಲ, ಪಂಪಿನ ಗುಂಯ್‌ಗುಡುವಿಕೆ ಮಾತ್ರ ನಿಧಾನಕ್ಕೆ ದಪ್ಪವಾಗುತ್ತದೆ. ಆಮೇಲೆ ಬಾಸ್ಕೆಟ್ಟಿನ ತಳದ ಅಂಚಿನಲ್ಲಿ ಕಡುಗಂದು ಹನಿಗಳು ಮೂಡಿ, ಮಧ್ಯಕ್ಕೆ ಸರಿದು, ಒಂದಕ್ಕೊಂದು ಕೂಡಿಕೊಂಡು ಜೇನಿನ ಎಳೆಯಂತೆ ಒಂದೇ ಧಾರೆಯಾಗಿ ಇಳಿಯುತ್ತವೆ. ಧಾರೆಯ ಬಣ್ಣ ಕಡುಗಂದಿನಿಂದ ಕೆಂಗಂದಿಗೆ, ಅಲ್ಲಿಂದ ಹೊಂಬಣ್ಣಕ್ಕೆ ತಿರುಗುತ್ತ ಹೋಗುತ್ತದೆ, ಮೈಯಲ್ಲಿ ಸಣ್ಣ ಪಟ್ಟೆಗಳು ಕಾಣುತ್ತವೆ. ತೂಕದ ಯಂತ್ರ 33 ಗ್ರಾಂ ಆಸುಪಾಸು ತೋರಿಸುವಾಗ ಸ್ವಿಚ್ ಆರಿಸಿದರೆ ಉಳಿದ ಹನಿಗಳು ಸೇರಿ 36ಕ್ಕೆ ನಿಲ್ಲುತ್ತದೆ. ಪುಡಿ ಸಮನಾಗಿ ಹರಡಿರದಿದ್ದರೆ ಅದೇ ತಳದಿಂದ ಕೂದಲೆಳೆಯಷ್ಟು ತೆಳುವಾದ ಚಿಲುಮೆ ಪಕ್ಕಕ್ಕೆ ಚಿಮ್ಮುತ್ತದೆ, ಒಂದು ಭಾಗ ಬೇಗ ಬಿಳಿಚಿಕೊಳ್ಳುತ್ತದೆ. ನೀರು ಅಲ್ಲಿ ದಾರಿ ಕೊರೆದುಕೊಂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಂಥ ಬಟ್ಟಲು ಹುಳಿಯನ್ನೂ ಕಹಿಯನ್ನೂ ಒಟ್ಟಿಗೇ ಹೊತ್ತು ಬರುತ್ತದೆ, ಕೊನೆಗೆ ನಾಲಿಗೆಯ ಮೇಲೆ ಒಗರು ಉಳಿಯುತ್ತದೆ. ಬರಿ ಹುಳಿಯಾದರೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಬೀಸುವುದು, ಬರಿ ಕಹಿಯಾದರೆ ತುಸು ತರಿಮಾಡುವುದು ಮೊದಲ ಹೆಜ್ಜೆ; ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಹಾಲಿನ ಕಾಫಿ ಇಷ್ಟಪಡುವವರು ತಿಳಿದಿರಬೇಕಾದದ್ದೆಂದರೆ, ಬಾಯ್ಲರ್ ಒಂದೇ ಆದ್ದರಿಂದ ಕಾಫಿ ಇಳಿಸುತ್ತ ಅದೇ ಹೊತ್ತಿಗೆ ಹಬೆ ಪಡೆಯುವುದು ಸಾಧ್ಯವಿಲ್ಲ. ಕಾಫಿ ಇಳಿಸಿ, ಹಬೆಯ ಸ್ವಿಚ್ ಹಾಕಿ, ಬಾಯ್ಲರ್ ಏರುವುದನ್ನು ಕಾದು, ನಂತರ ಹಾಲು ಕಾಯಿಸಬೇಕು. ಪ್ರೊ ಆವೃತ್ತಿಯಿಂದೀಚೆಗೆ ಬಂದಿರುವ ಲೋಹದ ಹಬೆಕೊಳವೆ ಹಳೆಯದಕ್ಕಿಂತ ಎಷ್ಟೋ ಮೇಲು. ದೀಪ ಹೊತ್ತುವ ಕೆಲವು ಸೆಕೆಂಡ್ ಮೊದಲೇ ಹಬೆ ಬಿಟ್ಟರೆ ಬಾಯ್ಲರ್ ಕಾಯುತ್ತಲೇ ಇದ್ದು ಒತ್ತಡ ಕೊನೆಯವರೆಗೂ ಉಳಿಯುತ್ತದೆ, ಒಂದು ಬಟ್ಟಲಿಗೆ ಬೇಕಾದ ಹಾಲು ರೇಷ್ಮೆಯಷ್ಟು ನುಣುಪಾಗುತ್ತದೆ. ಮುಗಿದ ಮೇಲೆ ಖಾಲಿಯಾದ ಬಾಯ್ಲರಿಗೆ ನೀರು ತುಂಬಿಸಿ ತಣಿಸುವುದು ಕಡ್ಡಾಯ. ನಾಲ್ಕು ಜನ ಅತಿಥಿಗಳಿಗೆ ಸಾಲಾಗಿ ಹಾಲಿನ ಕಾಫಿ ಮಾಡಿಕೊಡುವುದು ಇದರಿಂದ ತ್ರಾಸದ ಕೆಲಸವೇ ಸರಿ.

ಬೀಜ ಮತ್ತು ನೀರಿನ ಬಗ್ಗೆ ಚುಟುಕಾಗಿ ಹೇಳಬಹುದು. ಹುರಿದ ಕೂಡಲೇ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುವುದರಿಂದ ಒಂದೆರಡು ವಾರ ಬಿಟ್ಟು ಬಳಸುವುದು ಒಳ್ಳೆಯದು. ತಿಂಗಳುಗಟ್ಟಲೆ ಇಟ್ಟದ್ದರಲ್ಲಿ ನೊರೆಯೂ ಇರುವುದಿಲ್ಲ, ಪರಿಮಳವೂ ಇರುವುದಿಲ್ಲ. ಗಡಸು ನೀರು ಬಾಯ್ಲರಿನೊಳಗೆ ಸುಣ್ಣದ ಪದರ ಕಟ್ಟುತ್ತದೆ, ಪೂರ್ತಿ ಲವಣರಹಿತ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ; ಹಗುರವಾದ ಖನಿಜಾಂಶವಿರುವ ಶೋಧಿಸಿದ ನೀರು ಎರಡಕ್ಕೂ ಮದ್ದು. ನಿರ್ವಹಣೆಯೂ ಕಷ್ಟವಲ್ಲ. ರಂಧ್ರವಿಲ್ಲದ ಬಾಸ್ಕೆಟ್ ಹಾಕಿ ನೀರನ್ನು ಹಿಂದಕ್ಕೆ ತಳ್ಳಿ ಕವಾಟವನ್ನು ತೊಳೆಯುವುದು, ಗ್ರೂಪಿನ ತೂತುತಟ್ಟೆಯನ್ನು ಆಗಾಗ ಬಿಚ್ಚಿ ಉಜ್ಜುವುದು, ಗಟ್ಟಿಯಾದ ರಬ್ಬರ್ ಗ್ಯಾಸ್ಕೆಟ್ಟನ್ನು ಬದಲಿಸುವುದು, ಇವೆಲ್ಲವೂ ಒಂದು ಸ್ಕ್ರೂಡ್ರೈವರಿನಿಂದ ಮನೆಯಲ್ಲೇ ಆಗುವ ಕೆಲಸಗಳು. ಬಿಡಿಭಾಗಗಳು ಪ್ರತ್ಯೇಕವಾಗಿ ಸಿಗುತ್ತವೆ. ಪಂಪ್ ಕೂಡ ಅನೇಕ ಯಂತ್ರಗಳಿಗೆ ಸಾಮಾನ್ಯವಾದ ಮಾದರಿಯದು. ಕೆಟ್ಟರೆ ಎಸೆಯಬೇಕಾದ ಯಂತ್ರಗಳ ನಡುವೆ, ಬಿಚ್ಚಿ ಸರಿಪಡಿಸಿಕೊಳ್ಳಬಹುದಾದ ಈ ಗುಣವನ್ನು ನಾನು ಬಹಳವಾಗಿ ಗೌರವಿಸುತ್ತೇನೆ.

ಇದರ ಜೊತೆಗೆ ಹೋಲಿಸಬೇಕಾದವು ಮುಖ್ಯವಾಗಿ ಎರಡು. ರಾನ್ಸಿಲಿಯೊ ಸಿಲ್ವಿಯಾ ಯಂತ್ರದ ಬಾಯ್ಲರ್ ಸುಮಾರು 300 ಮಿಲಿಲೀಟರ್ ಹಿಡಿಸುವಂಥದ್ದು. ಬಿಸಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ, ಹಬೆ ಬಲವಾಗಿರುತ್ತದೆ, ಆದರೆ ಅದರ ಮೂಲ ಮಾದರಿಯಲ್ಲೂ ಸಾದಾ ಥರ್ಮೋಸ್ಟಾಟ್ ಇರುವುದರಿಂದ ಕಾಯುವ ಕ್ರಮ ತಪ್ಪುವುದಿಲ್ಲ. ಬ್ರೆವಿಲ್ ಬ್ಯಾಂಬಿನೊ ಇದಕ್ಕೆ ತದ್ವಿರುದ್ಧ: ಮೂರು ಸೆಕೆಂಡಿನಲ್ಲಿ ಬಿಸಿಯಾಗುವ ತಂತ್ರವಿದೆ, ಉಷ್ಣತೆಯನ್ನು ತಾನೇ ನೋಡಿಕೊಳ್ಳುತ್ತದೆ, ಪೋರ್ಟಾಫಿಲ್ಟರ್ ಮಾತ್ರ 54 ಮಿಲಿಮೀಟರಿನದು, ಒಳಗನ್ನು ಬಿಚ್ಚಿ ಸರಿಪಡಿಸುವುದು ಕ್ಲಾಸಿಕ್‌ನಷ್ಟು ಸಲೀಸಲ್ಲ. ಬೆಳಗಿನ ಗಡಿಬಿಡಿಯಲ್ಲಿ ಒಂದು ಬಟ್ಟಲು ಸಾಕೆನ್ನುವವರಿಗೆ ಬ್ಯಾಂಬಿನೊ ಹೆಚ್ಚು ಹೊಂದುತ್ತದೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಕ್ಲಾಸಿಕ್ ಅನ್ನು ಹಳೆಯದಾಗಿ ಕೊಳ್ಳುವವರು ಯಂತ್ರವನ್ನು ಕಣ್ಣೆದುರೇ ನಡೆಸಿ ನೋಡಬೇಕು. ಪುಡಿ ಹಾಕಿ ಕಾಫಿ ಇಳಿಸಿ ಸ್ವಿಚ್ ಆರಿಸಿದಾಗ ಪಕ್ಕದ ಕೊಳವೆಯಿಂದ ಹನಿತಟ್ಟೆಗೆ ನೀರು ಬುಸ್ಸೆಂದು ಚಿಮ್ಮಿದರೆ ಮೂರು ದಾರಿಯ ಕವಾಟ ಇದೆ, ಕೆಲಸವನ್ನೂ ಮಾಡುತ್ತಿದೆ. ಗ್ರೂಪಿನ ಅಂಚಿನಿಂದ ನೀರು ಸೋರಿದರೆ ಅದು ಸಾಮಾನ್ಯವಾಗಿ ಗ್ಯಾಸ್ಕೆಟ್ಟಿನ ದೋಷ, ಅಂಜಬೇಕಿಲ್ಲ. ಬಾಯ್ಲರಿನ ಜೋಡಣೆಯಿಂದ ನೀರು ಜಿನುಗುತ್ತಿದ್ದರೆ, ಇಲ್ಲವೇ ಗ್ರೂಪಿನಿಂದ ಬೂದು ಬಣ್ಣದ ಪುಡಿ ಬೆರೆತ ನೀರು ಬರುತ್ತಿದ್ದರೆ, ಒಳಗೆ ಅಲ್ಯೂಮಿನಿಯಂ ಸವೆಯುತ್ತಿರುವ ಸಾಧ್ಯತೆಯಿರುವುದರಿಂದ ಆ ಯಂತ್ರವನ್ನು ಬಿಟ್ಟು ಬೇರೊಂದನ್ನು ಹುಡುಕುವುದು ಒಳ್ಳೆಯದು.